ಚಿಕಿತ್ಸಾ ಪ್ರಯೋಗಗಳಲ್ಲಿ ಸಂಖ್ಯಾಶಾಸ್ತ್ರೀಯ ಶಕ್ತಿ

ಔಷಧಕ್ಕೆ ನಿಜವಾಗಿಯೂ ಗುಣವಿದ್ದಾಗ ಪ್ರಯೋಗವೊಂದು ಅದನ್ನು ಪತ್ತೆಹಚ್ಚುವ ಸಂಭವನೀಯತೆಯೇ ಸಂಖ್ಯಾಶಾಸ್ತ್ರೀಯ ಶಕ್ತಿ. ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ 1933ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಎಷ್ಟು ಗುಣವನ್ನು ಹುಡುಕುತ್ತಿದ್ದೇವೆಂದು ಮೊದಲೇ ಹೇಳದೆ, ಅದಕ್ಕೆ ಎಷ್ಟು ರೋಗಿಗಳು ಬೇಕೆಂಬ ಲೆಕ್ಕ ಸಾಧ್ಯವಿಲ್ಲ. ಅದನ್ನು ಹೇಳಬೇಕಾದವರು ಗಣಿತಜ್ಞರಲ್ಲ, ವೈದ್ಯರು ಮತ್ತು ರೋಗಿಗಳು. ವೈದ್ಯಕೀಯ ಲೋಕ ಈ ಪ್ರಶ್ನೆಯನ್ನು ದಶಕಗಳ ಕಾಲ ಬದಿಗಿಟ್ಟಿತು. ಅದಕ್ಕೆ ಆರಂಭದ ಯಶಸ್ಸೂ ಒಂದು ಕಾರಣವಿರಬೇಕು. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿದ್ದ ಕ್ಷಯರೋಗಿಗಳು 107 ಮಂದಿ ಮಾತ್ರ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಗುಣ ದೊಡ್ಡದಾಗಿದ್ದರಿಂದ ಅಷ್ಟೇ ಜನ ಸಾಕಾದರು. ಅಂತಹ ದೊಡ್ಡ ಗುಣ ಅಪರೂಪ; ಸಣ್ಣ ಪ್ರಯೋಗದ ರೂಢಿ ಮಾತ್ರ ಉಳಿದುಕೊಂಡಿತು. 1978ರಲ್ಲಿ ಫ್ರೈಮನ್ ಮತ್ತು ಸಂಗಡಿಗರು ‘ವ್ಯತ್ಯಾಸ ಕಾಣಲಿಲ್ಲ’ ಎಂದು ವರದಿಯಾಗಿದ್ದ 71 ಪ್ರಯೋಗಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 50ರಲ್ಲಿ, ಶೇ. 50ರಷ್ಟು ಸುಧಾರಣೆ ಇದ್ದರೂ ಕಣ್ತಪ್ಪುವ ಸಾಧ್ಯತೆ ಶೇ. 10ಕ್ಕಿಂತ ಹೆಚ್ಚಿತ್ತು.

ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿದರೆ ಸಾಲದೇ ಎಂದು ಕೇಳಬಹುದು. ಹೃದಯಾಘಾತಕ್ಕೆ ಕೊಡುವ ಸ್ಟ್ರೆಪ್ಟೊಕೈನೇಸ್ ಬಗ್ಗೆ 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು; ಹೆಚ್ಚಿನವು ಒಂಟಿಯಾಗಿ ಏನನ್ನೂ ಸಾಬೀತುಪಡಿಸಲಿಲ್ಲ. ಒಟ್ಟುಗೂಡಿಸಿದ್ದರೆ 1973ರಷ್ಟು ಹಿಂದೆಯೇ ಉತ್ತರ ಸಿಗುತ್ತಿತ್ತೆಂದು 1992ರ ವಿಶ್ಲೇಷಣೆ ತೋರಿಸಿತು. ಆದರೆ ಆಗ ಯಾರೂ ಒಟ್ಟುಗೂಡಿಸಲಿಲ್ಲ. ಫಲ ಕಾಣದ ಸಣ್ಣ ಪ್ರಯೋಗಗಳು ಅಚ್ಚಾಗದೆ ಉಳಿದರೆ ಒಟ್ಟು ಮೊತ್ತವೂ ದಾರಿ ತಪ್ಪಿಸುತ್ತದೆ. ಸಂದೇಹ ನೀಗಿಸಿದ್ದು 17,187 ರೋಗಿಗಳಿದ್ದ 1988ರ ಐಸಿಸ್-2 ಪ್ರಯೋಗ. ಅದರಲ್ಲಿ ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಐದು ವಾರಗಳ ಹೃದಯ-ರಕ್ತನಾಳ ಸಂಬಂಧಿ ಸಾವು ಶೇ. 8.0, ಎರಡನ್ನೂ ಪಡೆಯದವರಲ್ಲಿ ಶೇ. 13.2.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ರೋಗಿಗಳ ಸಂಖ್ಯೆ ಏರಿಸುತ್ತ ಹೋದರೆ ಕ್ಷುಲ್ಲಕ ವ್ಯತ್ಯಾಸವೂ ‘ಗಣನೀಯ’ವಾಗಿ ಕಾಣುತ್ತದೆ. ನಿಜ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಜೆಮ್‌ಸೈಟಬಿನ್ ಜೊತೆ ಎರ್ಲೋಟಿನಿಬ್ ಸೇರಿಸಿದ 569 ರೋಗಿಗಳ ಪ್ರಯೋಗ (2007) ಗಣಿತದ ಪರೀಕ್ಷೆಯಲ್ಲಿ ಗೆದ್ದಿತು. ಬದುಕಿನ ಮಧ್ಯಾಂಕ ಅವಧಿ 5.91 ತಿಂಗಳಿಂದ 6.24ಕ್ಕೆ ಏರಿತು. ಅಂದರೆ ಸುಮಾರು ಹತ್ತು ದಿನ, ಜೊತೆಗೆ ಚರ್ಮದ ದದ್ದು ಮತ್ತು ಭೇದಿ. ಆದರೆ ಇಲ್ಲಿ ತಪ್ಪು ಶಕ್ತಿಯದಲ್ಲ, ಎಷ್ಟು ಗುಣ ಸಾಕೆಂಬ ತೀರ್ಮಾನದ್ದು. ಐಸಿಸ್-2ರಲ್ಲಿ ಆಸ್ಪಿರಿನ್ ಸಾವನ್ನು ಶೇ. 11.8ರಿಂದ 9.4ಕ್ಕೆ ಇಳಿಸಿತು. ಅಂಕಿ ಚಿಕ್ಕದು, ಆದರೆ ಮಾತ್ರೆ ಅಗ್ಗ, ರೋಗ ಸಾಮಾನ್ಯ, ಸಾವಿರ ರೋಗಿಗಳಲ್ಲಿ 24 ಸಾವು ಕಡಿಮೆ. ರೋಗಿಗೆ ಮುಖ್ಯವೆನಿಸುವ ಕನಿಷ್ಠ ವ್ಯತ್ಯಾಸವನ್ನು ಅಳೆಯುವ ದಾರಿಯನ್ನು ಗಯಟ್ ಮತ್ತವರ ಸಹೋದ್ಯೋಗಿಗಳು 1989ರಲ್ಲಿ ಮುಂದಿಟ್ಟರು. ಪ್ರಯೋಗಗಳ ವರದಿ ಹೇಗಿರಬೇಕೆಂದು ಹೇಳುವ 1996ರ ಕನ್ಸಾರ್ಟ್ ನಿಯಮಾವಳಿ ರೋಗಿಗಳ ಸಂಖ್ಯೆಗೆ ಆಧಾರವನ್ನು ಬರೆಯಬೇಕೆಂದಿತು. ಆದರೂ ಸಿಗುವ ರೋಗಿಗಳನ್ನು ಮೊದಲು ಎಣಿಸಿ, ಆ ಸಂಖ್ಯೆಗೆ ಹೊಂದುವ ‘ನಿರೀಕ್ಷಿತ ಗುಣ’ವನ್ನು ಆಮೇಲೆ ಬರೆಯುವ ಚಾಳಿ ಇನ್ನೂ ಹೋಗಿಲ್ಲ.