ಬಸರೂರಿನ ಪೋರ್ಚುಗೀಸ್ ಕೋಟೆ ಮತ್ತು ಕನ್ನಡ ಕರಾವಳಿಯ ಅಕ್ಕಿ

ಕರಾವಳಿಯ ಕೋಟೆಗಳ ಚರಿತ್ರೆಯನ್ನು ಬರೆಯುವಾಗ, ಕಟ್ಟಿದವರು ಯಾರು, ಗೆದ್ದವರು ಯಾರು ಎಂಬೆರಡು ಪ್ರಶ್ನೆಗಳಲ್ಲಿಯೇ ನಾವು ಸಾಮಾನ್ಯವಾಗಿ ತೃಪ್ತರಾಗುತ್ತೇವೆ. ಕೋಟೆಯೊಳಗಿದ್ದವರು ಯಾವ ನೆಲದ ಅನ್ನವನ್ನು ಉಣ್ಣುತ್ತಿದ್ದರೆಂಬುದನ್ನು ವಿಚಾರಿಸುವುದು ವಿರಳ. ಬಸರೂರಿನ ಪೋರ್ಚುಗೀಸ್ ಕೋಟೆಯ ಏಳುಬೀಳುಗಳು ತಿಳಿಯಬೇಕಾದರೆ ಈ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಬೇಕು.

ವಾರಾಹಿ ನದಿಯ ದಡದಲ್ಲಿರುವ ಬಸರೂರು ವಿಜಯನಗರದ ಅರಸರ ಕಾಲದಲ್ಲಿ ಸಂಪನ್ನವಾದ ರೇವುಪಟ್ಟಣವಾಗಿತ್ತು. ಅಲ್ಲಿಯ ಮೂಡುಕೇರಿ, ಪಡುವಕೇರಿಗಳ ಹೆಸರು ಶಾಸನಗಳಲ್ಲಿ ಬರುತ್ತದೆ. ಇಲ್ಲಿಂದ ಅಕ್ಕಿಯು ಮಲಬಾರಿಗೂ ಹೊರ್ಮುಜ್, ಏಡನ್ ರೇವುಗಳಿಗೂ ಹೋಗುತ್ತಿದ್ದುದನ್ನು 16ನೆಯ ಶತಮಾನದ ಆದಿಯಲ್ಲಿ ದುವಾರ್ತೆ ಬಾರ್ಬೋಸನು ಹೇಳಿದ್ದಾನೆ. ಪೋರ್ಚುಗೀಸರಿಗೆ ಕರಿಮೆಣಸು ಲಾಭದ ಸರಕು. ಅಕ್ಕಿಯಾದರೋ ಗೋವೆಯ ಜೀವನಾಧಾರ.

1565ರ ಯುದ್ಧದಿಂದ ವಿಜಯನಗರದ ಶಕ್ತಿ ಕುಗ್ಗಿತು. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟತೊಡಗಿದರು. ಮರುವರ್ಷ ವೈಸರಾಯ್ ಲುಯಿಸ್ ದೆ ಅತಾಯ್ದೆಯು ಹೊನ್ನಾವರವನ್ನೂ ಬಸರೂರನ್ನೂ ಹಿಡಿದನು. ಆದರೆ ಬಸರೂರಿನ ಹೊಸ ಕೋಟೆಯು ಪೇಟೆಯ ನಡುವೆ ಏಳದೆ, ನದಿಯ ಕೆಳಗಡೆ, ಕುಂದಾಪುರದ ಸಮೀಪದಲ್ಲಿ ಎದ್ದಿತು. ಆದುದರಿಂದಲೇ ವಿದೇಶೀಯರ ಬರಹಗಳಲ್ಲಿ ಮೇಲಣ ಬಾರ್ಸೆಲೋರ್, ಕೆಳಗಣ ಬಾರ್ಸೆಲೋರ್ ಎಂಬ ಎರಡು ಸ್ಥಳಗಳು ಕಾಣುತ್ತವೆ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆಯು ಇಲ್ಲಿಗೆ ಬಂದಾಗ ಮೇಲಣ ಊರು ಕೆಳದಿಯ ವೆಂಕಟಪ್ಪ ನಾಯಕನ ಅಧೀನದಲ್ಲಿತ್ತು. ಹೊಳೆಯ ಬಾಯಿಯಲ್ಲಿ ಕುಳಿತವರು ಹಡಗುಗಳನ್ನು ತಡೆಯಬಲ್ಲವರಾಗಿದ್ದರು, ರಹದಾರಿ ಚೀಟಿಗಳನ್ನು ಕೊಡಬಲ್ಲವರಾಗಿದ್ದರು. ಬತ್ತ ಬೆಳೆಯುವ ಗದ್ದೆಯಾಗಲಿ, ಘಟ್ಟದಿಂದ ಇಳಿಯುವ ದಾರಿಯಾಗಲಿ ಅವರ ಕೈಯಲ್ಲಿರಲಿಲ್ಲ.

ಒಳನಾಡು ಅನೇಕ ಸಣ್ಣ ಅರಸರಲ್ಲಿ ಹಂಚಿಹೋಗಿದ್ದಷ್ಟು ಕಾಲ ಈ ಕೊರತೆ ಬಾಧಿಸಲಿಲ್ಲ. ಕೆಳದಿಯವರು ಘಟ್ಟದ ಮೇಲಣ ಸೀಮೆಯನ್ನೂ ಕೆಳಗಣ ಸೀಮೆಯನ್ನೂ ಒಂದುಗೂಡಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. 'ಶಿಸ್ತು' ಎಂಬ ಕಂದಾಯ ಪದ್ಧತಿಯಿಂದ ಪ್ರಸಿದ್ಧನಾದ ಶಿವಪ್ಪ ನಾಯಕನು (1645–1660) 1652ರಿಂದ 1654ರೊಳಗೆ ಈ ತೀರದ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡನು. ಡಚ್ಚರೊಡನೆ ಸಿಂಹಳದಲ್ಲಿ ನಡೆಯುತ್ತಿದ್ದ ಹೋರಾಟವೇ ಪೋರ್ಚುಗೀಸರ ಸೋಲಿಗೆ ಕಾರಣವೆಂದು ಹೇಳುವುದುಂಟು. ಆ ಹೋರಾಟ ಅವರನ್ನು ಬಳಲಿಸಿತೆಂಬುದು ನಿಜ. ಆದರೆ ಈ ಕೋಟೆಗಳನ್ನು ಗೆದ್ದವರು ಡಚ್ಚರಲ್ಲವೆಂಬುದನ್ನು ಮರೆಯಲಾಗದು.

1671ರ ಕರಾರಿನಂತೆ ಕೆಳದಿಯವರು ಪೋರ್ಚುಗೀಸರಿಗೆ ಮತ್ತೆ ವ್ಯಾಪಾರದ ಕೋಠಿಗಳನ್ನು ಅನುಮತಿಸಿದರು. ಹಿಂದೆ ಕೋಟೆ ಕಟ್ಟಿ ವ್ಯಾಪಾರವನ್ನು ಆಳಲು ಬಯಸಿದವರು, ಈಗ ನಾಡಿನ ಅರಸನ ಒಪ್ಪಿಗೆ ಪಡೆದು ವ್ಯಾಪಾರ ನಡೆಸಬೇಕಾಯಿತು. ಆದಕಾರಣ ಈ ಕೋಟೆಯ ಚರಿತ್ರೆಯನ್ನು ಗೋವೆಯ ಕಾಗದಪತ್ರಗಳಿಂದ ಮಾತ್ರ ಬರೆದರೆ ಅರ್ಧ ಬರೆದಂತೆಯೇ ಸರಿ. ಉಳಿದರ್ಧವನ್ನು ಬಸರೂರಿನ ಶಾಸನಗಳಲ್ಲಿಯೂ ಕೆಳದಿಯ ಕಂದಾಯದ ಚರಿತ್ರೆಯಲ್ಲಿಯೂ ಅರಸಬೇಕಾಗಿದೆ. ನಮ್ಮ ವಿದ್ಯಾರ್ಥಿಗಳು ಆ ಕಡೆಗೆ ಗಮನಕೊಡುವರೆಂದು ಆಶಿಸುತ್ತೇವೆ.