ಅಜ್ಜನ ರಿವಾಲ್ವರ್‌ಗೆ ಬೆಲೆ ಕಟ್ಟೋದು ಹೇಗೆ?

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಹೊರಟರೆ ನಡುವೆ ಸಿಗೋ ಊರು ಐಮಂಗಲ. ಪೊಲೀಸ್ ತರಬೇತಿ ಶಾಲೆ ಇರೋ ಊರು ಅಂದರೆ ನಿಮಗೂ ನೆನಪಾಗುತ್ತೆ. ದುರ್ಗದಿಂದ ವಾಪಸ್ ಬರುವಾಗ ಅಲ್ಲಿ ಚಹಾಕ್ಕೆ ನಿಂತಿದ್ದೆ. ಯಜಮಾನರೊಬ್ಬರು ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಸಾರ್, ನಮ್ಮ ಅಜ್ಜನ ಕಾಲದ್ದೊಂದು ರಿವಾಲ್ವರ್ ಐತೆ. ಇಂಗ್ಲೆಂಡಿಂದು. ಒಬ್ಬ ಬಂದು ಇಪ್ಪತ್ತು ಸಾವಿರ ಕೊಡ್ತೀನಿ ಅಂತಾನೆ. ನನ್ನ ಮೊಮ್ಮಗ ಮೊಬೈಲ್ ನೋಡಿ ಕೋಟಿ ಬಾಳುತ್ತೆ ಅಂತಾನೆ. ಯಾವುದು ನಿಜ?"

ಎರಡೂ ನಿಜ ಅಲ್ಲ ಯಜಮಾನ್ರೇ ಅಂದೆ. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇಪ್ಪತ್ತು ಸಾವಿರಕ್ಕೂ ಒಂದು ಕೋಟಿಗೂ ನಡುವೆ ಇರೋದು ಬರೀ ದುಡ್ಡಲ್ಲ ವೀಕ್ಷಕರೇ, ಅಲ್ಲಿ ನಮ್ಮ ನಾಡಿನ ಇತಿಹಾಸ ಇದೆ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಮೊಮ್ಮಗನ ಕೋಟಿ ಎಲ್ಲಿಂದ ಬಂತು ನೋಡೋಣ. 2021ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಹಳೇ ಕೋಲ್ಟ್ ರಿವಾಲ್ವರ್ 60 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ 44 ಕೋಟಿ ರೂಪಾಯಿಗೂ ಮೇಲೆ! ಬಿಲ್ಲಿ ದ ಕಿಡ್ ಅನ್ನೋ ಕುಖ್ಯಾತ ದರೋಡೆಕೋರನನ್ನು ಶೆರಿಫ್ ಪ್ಯಾಟ್ ಗ್ಯಾರೆಟ್ 1881ರಲ್ಲಿ ಕೊಂದಿದ್ದು ಅದೇ ರಿವಾಲ್ವರಿನಿಂದ. 2019ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು ಹರಾಜು. ಚಿತ್ರಕಾರ ವ್ಯಾನ್ ಗೋ ತನಗೆ ತಾನೇ ಗುಂಡು ಹೊಡೆದುಕೊಂಡಿದ್ದು ಅಂತ ನಂಬಲಾದ ರಿವಾಲ್ವರ್. 1965ರಲ್ಲಿ ಒಬ್ಬ ರೈತನಿಗೆ ಹೊಲದಲ್ಲಿ ಸಿಕ್ಕಿದ್ದು. ಮೈಯೆಲ್ಲಾ ತುಕ್ಕು, ಕುದುರೆ ಎಳೆದರೂ ಕೆಲಸ ಮಾಡಲ್ಲ. ಆದರೂ 1,62,500 ಯೂರೋ, ಅಂದರೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟರು.

ಆ ದುಡ್ಡು ಕಬ್ಬಿಣಕ್ಕೆ ಕೊಟ್ಟಿದ್ದಾ? ಅಲ್ಲವೇ ಅಲ್ಲ. ಕಥೆಗೆ ಕೊಟ್ಟಿದ್ದು. ಅದೂ ಬಾಯಿಮಾತಿನ ಕಥೆಗಲ್ಲ. ಗ್ಯಾರೆಟ್‌ನ ರಿವಾಲ್ವರ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದಕ್ಕೆ ಬರಹದ ದಾಖಲೆ ಇತ್ತು. ವ್ಯಾನ್ ಗೋನ ರಿವಾಲ್ವರ್ ಅದೇ ಅಂತ ನೂರಕ್ಕೆ ನೂರು ಸಾಬೀತಾಗಿಲ್ಲ. ಆದರೆ ಸಿಕ್ಕ ಜಾಗ, ಗುಂಡಿನ ಅಳತೆ, ಮಣ್ಣಲ್ಲಿ ಬಿದ್ದಿದ್ದ ಕಾಲ, ಎಲ್ಲ ಒಂದಕ್ಕೊಂದು ಹೊಂದುತ್ತಿದ್ದವು. ಹಾಗಾಗಿ ಹಳೇ ರಿವಾಲ್ವರ್‌ಗೆ ಮೂರು ಬೆಲೆ ಇರುತ್ತೆ ಅನ್ನೋದನ್ನ ನೆನಪಿಡಿ. ಕಬ್ಬಿಣದ ಬೆಲೆ, ಕಾಗದದ ಬೆಲೆ, ಕಥೆಯ ಬೆಲೆ.

ಕಥೆಯಿಂದಲೇ ಶುರು ಮಾಡೋಣ, ಯಾಕೆಂದರೆ ಜನ ಹೆಚ್ಚು ಮೋಸ ಹೋಗೋದು ಅಲ್ಲೇ. ನಾಳೆ ಯಾರಾದರೂ "ಇದು ಮದಕರಿನಾಯಕರ ರಿವಾಲ್ವರ್" ಅಂತ ತಂದರೆ ಏನು ಮಾಡ್ತೀರಿ? ಕ್ಯಾಲೆಂಡರ್ ತೆಗೀರಿ, ಸಾಕು. ಹೈದರಾಲಿ ಚಿತ್ರದುರ್ಗವನ್ನು ವಶ ಮಾಡಿಕೊಂಡಿದ್ದು 1779ರಲ್ಲಿ. ಸ್ಯಾಮುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದು 1836ರಲ್ಲಿ. ನಡುವೆ 57 ವರ್ಷ! ಟಿಪ್ಪು ಸತ್ತಿದ್ದು 1799, ಕಿತ್ತೂರು ಚೆನ್ನಮ್ಮನ ಯುದ್ಧ 1824, ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831. ಇವರ್ಯಾರ ಸೊಂಟದಲ್ಲೂ ಕೋಲ್ಟ್ ರಿವಾಲ್ವರ್ ಇರೋಕೆ ಸಾಧ್ಯವೇ ಇಲ್ಲ.

ಹಾಗಾದರೆ ಕನ್ನಡ ನಾಡಿನ ಇತಿಹಾಸದಲ್ಲಿ ರಿವಾಲ್ವರ್ ಎಲ್ಲಿ ಬರುತ್ತೆ? ಸುರಪುರದಲ್ಲಿ. ದುರ್ಗದ ಪಾಳೆಯಗಾರರ ಹಾಗೆ ಬೇಡ ನಾಯಕರ ಇನ್ನೊಂದು ಸಂಸ್ಥಾನ ಅದು. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ ಸೆರೆ ಸಿಕ್ಕ. ಕೋಟೆಯೊಂದರಲ್ಲಿ ಇಡಲು ಕರೆದೊಯ್ಯುವಾಗ, ದಾರಿಯ ಬಿಡಾರದಲ್ಲಿ ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಸಿಡಿದ ಗುಂಡಿಗೆ ಸತ್ತ. ಚಿಕ್ಕಂದಿನಲ್ಲಿ ರಾಜ 'ಅಪ್ಪ' ಅಂತ ಕರೀತಿದ್ದ ಮೆಡೋಸ್ ಟೇಲರ್, ರಾಜನ ಕೈಯಲ್ಲೇ ಆ ಗುಂಡು ಹಾರಿತು ಅಂತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬ್ರಿಟಿಷರೇ ಕೊಂದರು ಅನ್ನುವವರೂ ನಮ್ಮಲ್ಲಿದ್ದಾರೆ. ಈಗ ಯಾರಾದರೂ "ಇದೇ ಆ ರಿವಾಲ್ವರ್" ಅಂದರೆ? ಕ್ಯಾಲೆಂಡರ್ ಅಡ್ಡ ಬರಲ್ಲ. ಆದರೆ ಅಷ್ಟಕ್ಕೇ ಅದು ನಿಜ ಆಗಲ್ಲ. ಆ ಅಧಿಕಾರಿಯ ಮನೆಯಿಂದ ನಿಮ್ಮ ಕೈಗೆ ಹೇಗೆ ಬಂತು, ಪ್ರತಿ ಕೈಗೂ ಕಾಗದ ತೋರಿಸಿ ಅಂತ ಕೇಳಬೇಕು. ಕಾಗದ ಇಲ್ಲದ ಕಥೆಗೆ ಒಂದು ರೂಪಾಯಿನೂ ಹೆಚ್ಚು ಕೊಡಬೇಡಿ.

ಈಗ ಕಾಗದಕ್ಕೆ ಬರೋಣ. ಆಯುಧಕ್ಕೂ ಅದನ್ನು ಹಿಡಿಯೋ ಕೈಗೂ ನಡುವೆ ಕಾಗದ ಬಂದಿದ್ದು ಯಾವಾಗ? 1857ರಲ್ಲಿ. ಸಿಪಾಯಿಗಳು ದಂಗೆ ಎದ್ದಾಗ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂತು. ಎಲ್ಲರೂ ಆಯುಧ ತಂದು ನೋಂದಾಯಿಸಿ ಅಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡಲ್ಲ ಅಂದರು. ಆ ಲಾವಣಿಯನ್ನು ಶಾಲೆಯಲ್ಲಿ ಓದಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ನವೆಂಬರ್ ಕೊನೆಗೆ ಬ್ರಿಟಿಷ್ ಸೇನೆ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆಮೇಲೆ 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ! ಸ್ವಾತಂತ್ರ್ಯ ಬಂದ ಮೇಲೆ ನಾವು ಮಾಡಿಕೊಂಡಿದ್ದು 1959ರ ಕಾಯ್ದೆ. ಆ ಭೇದ ಹೋಯಿತು, ಕಾಗದ ಉಳಿಯಿತು.

ಆ ಕಾಗದವೇ ಇವತ್ತು ಬೆಲೆ ನಿರ್ಧರಿಸುತ್ತೆ. ಹೇಗೆ ಅಂತೀರಾ? ಇಂಗ್ಲೆಂಡಿನ ವೆಬ್ಲಿ ಕಂಪನಿಯ .455 ಬೋರಿನ ರಿವಾಲ್ವರ್ 1887ರಿಂದ ಬ್ರಿಟಿಷ್ ಸೇನೆಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳ ಕೈಯಲ್ಲಿ ಇದ್ದಿದ್ದು ಅದರದ್ದೇ ತಳಿ. ಹೊರದೇಶದ ಸಂಗ್ರಹಕಾರರು ಅದಕ್ಕೆ ಮುಗಿಬೀಳ್ತಾರೆ. ಆದರೆ ನಮ್ಮ ನಿಯಮದಲ್ಲಿ .455 ಮತ್ತು .380 ಗುಂಡು ಹಾರಿಸೋ ರಿವಾಲ್ವರ್‌ಗಳು ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸ್ ಇರೋವರು ಅದನ್ನು ಕೊಳ್ಳೋ ಹಾಗೇ ಇಲ್ಲ, ಕೇಂದ್ರದ ವಿಶೇಷ ಅನುಮತಿ ಬೇಕು. ಕೊಳ್ಳುವವರೇ ಇಲ್ಲ ಅಂದ ಮೇಲೆ ರೇಟು ಎಲ್ಲಿಂದ ಬರಬೇಕು?

ಅದೇ ವೆಬ್ಲಿಯ ಸಣ್ಣ .32 ಬೋರ್ ಸಿಕ್ಕರೆ? ಕಥೆ ಉಲ್ಟಾ. ಅದಕ್ಕೆ ಸಾಮಾನ್ಯ ಲೈಸೆನ್ಸ್ ಸಾಕು. 1980ರ ದಶಕದ ಮಧ್ಯದಿಂದ ವಿದೇಶಿ ರಿವಾಲ್ವರ್ ಆಮದು ಬಹುತೇಕ ನಿಂತಿರೋದರಿಂದ, ದೇಶದೊಳಗೆ ಇರೋ ಹಳೇ ಮಾಲಿಗೆ ಹೊರಗಿನದಕ್ಕಿಂತ ಹೆಚ್ಚು ಬೆಲೆ. ಹೋಲಿಕೆಗೆ ಹೊಸದರ ರೇಟು ಹೇಳ್ತೀನಿ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ .32 'ನಿರ್ಭೀಕ್' ರಿವಾಲ್ವರಿನ ಆಗಿನ ಬೆಲೆ 1,22,360 ರೂಪಾಯಿ. 2020ರಲ್ಲಿ ವೆಬ್ಲಿ ಹೆಸರಿನಲ್ಲೇ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ತಯಾರಾದದ್ದಕ್ಕೆ ಸುಮಾರು 1.6 ಲಕ್ಷ. ಒಳ್ಳೇ ಸ್ಥಿತಿಯಲ್ಲಿರೋ, ದಾಖಲೆ ಸರಿ ಇರೋ ಅಸಲಿ ಇಂಗ್ಲಿಷ್ .32ಕ್ಕೆ ಯಾರಾದರೂ ಇಪ್ಪತ್ತು ಸಾವಿರ ಅಂದರೆ ಅವನು ನಿಮ್ಮ ಭಯಕ್ಕೆ ಬೆಲೆ ಕಟ್ಟಿದ್ದಾನೆ, ರಿವಾಲ್ವರಿಗಲ್ಲ.

ಲಂಡನ್ ರೇಟು ಐಮಂಗಲದಲ್ಲಿ ಯಾಕೆ ನಡೆಯಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತುಗಳು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಅಲ್ಲಿನ ಹರಾಜಿಗೆ ನಿಮ್ಮ ಮಾಲು ಹೋಗೋದೇ ಇಲ್ಲ ಅಂದ ಮೇಲೆ ಅಲ್ಲಿನ ಕೋಟಿ ಲೆಕ್ಕ ಯಾಕೆ?

ಕೊನೆಗೆ ಕಬ್ಬಿಣ. ಅಸಲಿ ಇಂಗ್ಲಿಷ್ ರಿವಾಲ್ವರ್ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷೆಯ ಮುದ್ರೆ ಇರುತ್ತೆ. ಅಗಲ ಬಾಣದ ಗುರುತಿದ್ದರೆ ಅದು ಒಂದು ಕಾಲದಲ್ಲಿ ಸರ್ಕಾರದ ಸ್ವತ್ತು. ಬೇರೆ ಬೇರೆ ಭಾಗದ ಮೇಲೆ ನಂಬರ್ ಇದ್ದರೆ ಎಲ್ಲ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಎರಡು ಮೂರು ಸೇರಿಸಿ ಕಟ್ಟಿದ್ದು ಅಂತ ಅರ್ಥ, ಬೆಲೆ ಇಳಿಯುತ್ತೆ. ಅಕ್ಷರ ತಪ್ಪಿದ್ದರೆ ಅನುಮಾನ ಪಡಿ. ಪೇಶಾವರದ ಹತ್ತಿರ ದರ್ರಾ ಆದಂ ಖೇಲ್ ಅನ್ನೋ ಊರಿನಲ್ಲಿ ವೆಬ್ಲಿ ನಕಲನ್ನು ತಲೆಮಾರುಗಳಿಂದ ಕೈಯಲ್ಲೇ ಮಾಡ್ತಾರೆ, ಕಂಪನಿ ಹೆಸರಿನ ಕಾಗುಣಿತ ತಪ್ಪಿಸೋದು ಅಲ್ಲಿ ಮಾಮೂಲು. ಇನ್ನೊಂದು ತಪ್ಪು ನಾವೇ ಮಾಡ್ತೀವಿ. ಹಳೇದು ಹೊಳೀಲಿ ಅಂತ ಮರಳು ಕಾಗದ ಹಾಕಿ ಉಜ್ಜಿ ಹೊಸ ಬಣ್ಣ ಕೊಡಿಸ್ತೀವಿ. ಸಂಗ್ರಹಕಾರ ದುಡ್ಡು ಕೊಡೋದು ಕಾರ್ಖಾನೆಯ ಆ ಮೂಲ ನೀಲಿಗಪ್ಪಿಗೆ. ಅದು ಹೋದರೆ ಅರ್ಧ ಬೆಲೆ ಹೋಯಿತು.

ಯಜಮಾನರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಲೈಸೆನ್ಸ್ ಯಾರ ಹೆಸರಲ್ಲಿದೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪ್ಪಾರ ಹೆಸರಾಗಿತ್ತು. ಅವರು ಹೋದ ಮ್ಯಾಲೆ ಯಾರೂ ನೋಡ್ಲಿಲ್ಲ."

ನೋಡಿ, ಇಲ್ಲೇ ಅಪಾಯ ಇರೋದು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಈಗಿನ ಕಾನೂನಿನಲ್ಲಿ ಎರಡರಿಂದ ಐದು ವರ್ಷ ಜೈಲು. ನಿಷೇಧಿತ ಬೋರ್ ಆದರೆ ಇನ್ನೂ ಕಠಿಣ. "ಹಳೇದು, ಅಜ್ಜಂದು" ಅಂದರೆ ವಿನಾಯಿತಿ ಇಲ್ಲ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಷ್ಟು ಕೆಟ್ಟಿರೋ ಹಳೇ ಆಯುಧಕ್ಕೆ ಮಾತ್ರ ಕಾಯ್ದೆ ಅನ್ವಯಿಸಲ್ಲ. ದಾರಿ ಇದೆ. ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಡಿಪಾಸಿಟ್ ಮಾಡಿ, ವಾರಸುದಾರರಾಗಿ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಆಯುಧ, ಪಿತ್ರಾರ್ಜಿತಕ್ಕೂ ಅದೇ ಮಿತಿ. ಆಮೇಲೆ ಮಾರೋದಾದರೆ ಲೈಸೆನ್ಸ್ ಇರೋವರಿಗೇ ಮಾರಬೇಕು, ಅದಕ್ಕೂ 45 ದಿನ ಮೊದಲು ಲಿಖಿತ ಮಾಹಿತಿ ಕೊಡಬೇಕು. ರಾತ್ರಿ ಬಂದು ಇಪ್ಪತ್ತು ಸಾವಿರ ಕೊಟ್ಟು ಬ್ಯಾಗಿಗೆ ಹಾಕಿಕೊಂಡು ಹೋಗೋನಿಗೆ ಕೊಟ್ಟರೆ, ನಾಳೆ ಅದು ಯಾವ ಕೇಸಿನಲ್ಲಿ ಸಿಗುತ್ತೋ ಗೊತ್ತಿಲ್ಲ. ಆಗ ನಂಬರ್ ಹುಡುಕಿಕೊಂಡು ಪೊಲೀಸರು ಬರೋದು ನಿಮ್ಮ ಮನೆ ಬಾಗಿಲಿಗೆ.

ಇನ್ನೊಂದು ಮಾತೂ ಹೇಳಿದೆ. ಅಜ್ಜ ಅದನ್ನು ಯಾರಿಂದ ತಗೊಂಡರು, ಯಾಕೆ ತಗೊಂಡರು, ಮನೆಯಲ್ಲಿ ನೆನಪಿರೋರ ಹತ್ತಿರ ಕೇಳಿ ಬರೆಸಿ. ಹಳೇ ರಸೀದಿ, ಫೋಟೋ, ಗುಂಡು ಕೊಂಡ ಲೆಕ್ಕ, ಏನು ಸಿಕ್ಕರೂ ಬಿಸಾಡಬೇಡಿ.

ಯಜಮಾನರು ಚಹಾದ ಲೋಟ ಕೆಳಗಿಟ್ಟು ಎದ್ದರು. "ಹಂಗಾರೆ ಮಾರೋದು ಆಮ್ಯಾಲೆ ಸಾರ್. ಮೊದ್ಲು ಟ್ರಂಕಿನಾಗೆ ಅಪ್ಪಾರ ಲೈಸೆನ್ಸ್ ಬುಕ್ಕು ಐತಾ ನೋಡ್ತೀನಿ" ಅಂದರು.

ನಿಮ್ಮ ಮನೆಯಲ್ಲೂ ಅಂಥ ಟ್ರಂಕ್ ಇದ್ದರೆ, ಇವತ್ತೇ ತೆಗೆದು ನೋಡಿ.