ತೆರೆಯ ಮೇಲಿನ ತಪ್ಪಿಗೂ ಒಂದು ಚರಿತ್ರೆ

ಹಬ್ಬದ ಊಟ ಮುಗಿಸಿ, ಎಲೆಯಡಿಕೆ ಮೆಲ್ಲುತ್ತ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತಾಗ ಬರುವ ಹಾಸ್ಯಚಿತ್ರ ಸಾಮಾನ್ಯವಾಗಿ ಎಲ್ಲರೂ ಮೊದಲೇ ನೋಡಿರುವಂಥದು. ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' (1990), 'ಗೌರಿ ಗಣೇಶ' (1991) ಇಂಥ ಚಿತ್ರಗಳ ಮಾತುಗಳನ್ನು ಬಾಯಿಪಾಠವಾಗಿ ಒಪ್ಪಿಸುವವರು ಇಂದಿಗೂ ಇದ್ದಾರೆ. ಕಥೆ ಗೊತ್ತು, ನಗು ಎಲ್ಲಿ ಬರುತ್ತದೆ ಎಂಬುದೂ ಗೊತ್ತು. ಹೀಗೆ ಹತ್ತನೆಯ ಸಲ ಯಾವುದೋ ಚಿತ್ರ ನೋಡುವಾಗ ಕಣ್ಣು ನಾಯಕನನ್ನು ಬಿಟ್ಟು ಬೇರೆ ಕಡೆ ಅಲೆಯತೊಡಗುತ್ತದೆ. "ಈಗ ತಾನೇ ಲೋಟದ ತುಂಬ ಕಾಫಿ ಇತ್ತಲ್ಲ, ಒಂದು ಗುಟುಕೂ ಕುಡಿಯದೆ ಅರ್ಧಕ್ಕೆ ಇಳಿಯಿತೇ?" ಎಂದು ಒಬ್ಬರು ಕೇಳುತ್ತಾರೆ. "ಹೆಂಡತಿ ಒಳಗೆ ಹೋದಾಗ ಮಲ್ಲಿಗೆ ಮುಡಿದಿದ್ದಳು, ಹೊರಗೆ ಬರುವಾಗ ಕನಕಾಂಬರ" ಎಂದು ಮತ್ತೊಬ್ಬರು ಸೇರಿಸುತ್ತಾರೆ. ಸಿನಿಮಾದ ಹಾಸ್ಯಕ್ಕಿಂತ ಈ ಹಾಸ್ಯವೇ ಜೋರಾಗುತ್ತದೆ.

ಒಂದು ಶಾಟಿಗೂ ಮುಂದಿನ ಶಾಟಿಗೂ ಇರಬೇಕಾದ ಹೊಂದಿಕೆ ಹೀಗೆ ತಪ್ಪಿದರೆ ಸಿನಿಮಾದವರು ಅದನ್ನು 'ಕಂಟಿನ್ಯುಟಿ' ತಪ್ಪು ಎನ್ನುತ್ತಾರೆ. ಇದಕ್ಕೆ ದಾಯಾದಿಗಳೂ ಉಂಟು. ಪುರಾಣದ ರಾಜನ ಮಣಿಕಟ್ಟಿನಲ್ಲಿ ಗಡಿಯಾರ ಕಂಡರೆ ಅದು ಕಾಲದ ತಪ್ಪು. ಚೌಕಟ್ಟಿನ ಮೇಲಂಚಿನಲ್ಲಿ ಮೈಕು ಇಣುಕಿದರೆ ಅದು ಕ್ಯಾಮೆರಾದ ತಪ್ಪು. ಇವುಗಳನ್ನು ಹುಡುಕುವುದು ಒಳ್ಳೆಯ ಮೋಜು. ಆದರೆ ಇಂಥ ತಪ್ಪು ಏಕೆ ಆಗುತ್ತದೆ, ಅದನ್ನು ತಪ್ಪು ಎಂದು ನಾವು ಎಂದಿನಿಂದ ಕರೆಯತೊಡಗಿದೆವು ಎಂದು ಕೇಳಿಕೊಂಡರೆ, ಅರ್ಧ ಖಾಲಿಯಾದ ಆ ಕಾಫಿ ಲೋಟದಲ್ಲಿ ನಮ್ಮ ಚಿತ್ರರಂಗದ ಚರಿತ್ರೆಯ ಒಂದು ತುಣುಕೇ ಕಾಣುತ್ತದೆ.

ರಂಗದ ಮೇಲೆ ಕರಗುತ್ತಿದ್ದ ತಪ್ಪು

ಸಿನಿಮಾಕ್ಕೆ ಮುಂಚೆ ನಮ್ಮ ಊರುಗಳಿಗೆ ನಗು ತಂದದ್ದು ಕಂಪನಿ ನಾಟಕಗಳು. ಅವುಗಳಲ್ಲಿ ದೊಡ್ಡ ಹೆಸರು 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ್ದು. ಅದರ ಸಾರಥ್ಯ ವಹಿಸಿದ ಗುಬ್ಬಿ ವೀರಣ್ಣನವರು (1891-1972) ಮೂಲತಃ ಹಾಸ್ಯನಟರು. 'ಸದಾರಮೆ'ಯ ಕಳ್ಳನ ಪಾತ್ರ ಅವರಿಗೆ ಕೀರ್ತಿ ತಂದಿತು. ಸದಾರಮೆಯ ಕಥೆ ರಾಜಕುಮಾರರ ಕಾಲದ್ದು. ಆದರೆ ವೀರಣ್ಣನವರ ಕಳ್ಳ ಅಂದಂದಿನ ಸಂಗತಿಗಳನ್ನು ಮಾತಿನ ನಡುವೆ ತುರುಕಿ ಜನರನ್ನು ನಗಿಸುತ್ತಿದ್ದ. ಇಂದಿನ ಲೆಕ್ಕದಲ್ಲಿ ಅದು ಶುದ್ಧ ಕಾಲದ ತಪ್ಪು. ಅಂದು ಮಾತ್ರ ಜನ ದುಡ್ಡು ಕೊಟ್ಟು ಬರುತ್ತಿದ್ದುದೇ ಅದಕ್ಕಾಗಿ.

ರಂಗದ ಮೇಲೆ ಇನ್ನೊಂದು ಅನುಕೂಲವಿತ್ತು. ಅಲ್ಲಿ ಕಾಲ ಒಂದೇ ದಿಕ್ಕಿಗೆ ಹರಿಯುತ್ತದೆ. ನಟ ಕೈಗೆ ತೆಗೆದುಕೊಂಡ ಲೋಟ ಅವನು ಕೆಳಗಿಡುವ ತನಕ ಕೈಯಲ್ಲೇ ಇರುತ್ತದೆ. ಅಂಟಿಸಿದ ಮೀಸೆ ಉದುರಿದರೂ ಅದು ಆ ರಾತ್ರಿಯ ನಗೆ, ಮಾರನೆಯ ರಾತ್ರಿಯ ಆಟದಲ್ಲಿ ಅದರ ಸುಳಿವೇ ಇರದು. ತಪ್ಪು ಆಗುತ್ತಿತ್ತು, ಕರಗುತ್ತಿತ್ತು. ಅದಕ್ಕೆ ಸಾಕ್ಷಿ ಉಳಿಯುತ್ತಿರಲಿಲ್ಲ.

ಸಿನಿಮಾ ಈ ಎರಡನ್ನೂ ಬದಲಿಸಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದಕ್ಕೆ ಮಾತು ಮತ್ತು ಹಾಡು ಬರೆದವರು ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ನಿರ್ದೇಶಕರು ವೈ.ವಿ. ರಾವ್. ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಅವರು ನಾಟಕದ ರಂಗದಿಂದಲೇ ಬಂದ ನಟರು. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಮರುವರ್ಷ 'ಸದಾರಮೆ'ಯೂ ಚಿತ್ರವಾಯಿತು, ಕಳ್ಳನಾಗಿ ವೀರಣ್ಣನವರೇ ಕ್ಯಾಮೆರಾದ ಮುಂದೆ ನಿಂತರು. ರಾತ್ರಿಯಿಡೀ ಒಂದೇ ಓಟದಲ್ಲಿ ಕಥೆ ನಡೆಸಿ ರೂಢಿಯಿದ್ದ ಕಲಾವಿದರು ಅದೇ ಕಥೆಯನ್ನು ತುಂಡು ತುಂಡಾಗಿ, ಹಿಂದುಮುಂದಾಗಿ ಅಭಿನಯಿಸಬೇಕಾಯಿತು. ಕಂಟಿನ್ಯುಟಿ ತಪ್ಪಿನ ಬೀಜ ಇರುವುದು ಇಲ್ಲಿ.

ದುರ್ಗದ ನೆರಳು

ಹಿಂದುಮುಂದು ಎಂದರೇನು? ಕುಟುಂಬವೊಂದು ರಜೆಯಲ್ಲಿ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗಕ್ಕೆ ಹೊರಡುವ ಒಂದು ಹಾಸ್ಯಚಿತ್ರವನ್ನು ಊಹಿಸಿಕೊಳ್ಳಿ. ತಂದೆ ಬುತ್ತಿಯ ಗಂಟು ಹೊತ್ತು ಬೋಳುಬಂಡೆ ಹತ್ತುತ್ತಾನೆ. ತಾಯಿ ಕೋಟೆ ಬಾಗಿಲಲ್ಲಿ ನಿಂತು ಬೈಯುತ್ತಾಳೆ. ತೆರೆಯ ಮೇಲೆ ಇದು ಎರಡು ನಿಮಿಷದ ಜಗಳ. ಚಿತ್ರಿಸಲು ಇಡೀ ದಿನ ಬೇಕು. ಒಂದೇ ಕ್ಯಾಮೆರಾ ಇದ್ದರೆ ಮೊದಲು ತಂದೆಯ ಕಡೆಯ ಮಾತುಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. ಆಮೇಲೆ ಕ್ಯಾಮೆರಾ ತಿರುಗಿಸಿ, ರಿಫ್ಲೆಕ್ಟರುಗಳನ್ನು ಹೊತ್ತು ಸಾಗಿಸಿ, ತಾಯಿಯ ಮಾತುಗಳನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ತಂದೆಯ ನೆರಳು ಪಡುವಣಕ್ಕೆ, ತಾಯಿಯದು ಮೂಡಣಕ್ಕೆ. ಗಂಡ ಹೆಂಡಿರು ಎದುರುಬದುರು ನಿಂತಿದ್ದರೂ ಅವರ ಸೂರ್ಯ ಬೇರೆ ಬೇರೆ! ಬಂಡೆಯ ಮೇಲೆ ಸಂಜೆಯ ಹೊಂಬಣ್ಣ ಬಂದುಬಿಟ್ಟರಂತೂ ಅದನ್ನು ಅಳಿಸಲು ಯಾವ ಸಹಾಯಕನಿಂದಲೂ ಆಗದು.

ಮನೆಯೊಳಗಿನ ದೃಶ್ಯ ಇನ್ನೂ ವಿಚಿತ್ರ. ಮನೆಯ ಹೊರಭಾಗ ಒಂದೂರಲ್ಲಿ, ಒಳಭಾಗ ಸ್ಟುಡಿಯೋ ಫ್ಲೋರಿನಲ್ಲಿ. ಕನ್ನಡ ಚಿತ್ರಗಳು ಬಹುಕಾಲ ಮದರಾಸಿನಲ್ಲೇ ತಯಾರಾದವು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದ 'ಮದುವೆ ಮಾಡಿ ನೋಡು' (1965) ನಮ್ಮ ಕೌಟುಂಬಿಕ ಹಾಸ್ಯಚಿತ್ರಗಳಲ್ಲಿ ಹೆಸರಾದದ್ದು. ಅದನ್ನು ತಯಾರಿಸಿದ್ದು ಮದರಾಸಿನ ವಿಜಯ ಸಂಸ್ಥೆ. ಆ ಕಾಲದಲ್ಲಿ ಕನ್ನಡದ ಹಟ್ಟಿ, ಜಗುಲಿ, ನಡುಮನೆಗಳೆಲ್ಲ ಮದರಾಸಿನ ಫ್ಲೋರುಗಳಲ್ಲಿ ಹಲಗೆ ಮತ್ತು ಬಣ್ಣದಿಂದ ಎದ್ದು, ಕೆಲಸ ಮುಗಿದೊಡನೆ ಕಳಚಿಬೀಳುತ್ತಿದ್ದವು. ನಾಯಕ ಹೊಸ್ತಿಲು ದಾಟಿದನೆಂದರೆ ನೂರಾರು ಮೈಲಿಯನ್ನೂ, ಹಲವು ವಾರಗಳನ್ನೂ ಒಂದೇ ಹೆಜ್ಜೆಯಲ್ಲಿ ದಾಟಿದಂತೆ. ಆ ಹೊಸ್ತಿಲಲ್ಲಿ ಅಂಗಿಯ ಗುಂಡಿಯೊಂದು ಬದಲಾದರೆ ಆಶ್ಚರ್ಯವೇನು?

ಇದು ನಮ್ಮ ಬಡತನದ ಫಲ ಎಂದು ತಿಳಿಯಬೇಕಾಗಿಲ್ಲ. ಕ್ರಿಸ್‌ಮಸ್ ರಜೆಗೆಂದು ಲೋಕವೆಲ್ಲ ಮತ್ತೆ ಮತ್ತೆ ನೋಡುವ ಅಮೆರಿಕದ ಹಾಸ್ಯಚಿತ್ರ 'ಹೋಮ್ ಅಲೋನ್' (1990). ಅದರ ಪ್ರಸಿದ್ಧ ಮನೆಯ ಹೊರನೋಟ ಷಿಕಾಗೋ ಬಳಿಯ ವಿನೆಟ್ಕಾ ಎಂಬ ಊರಿನದು. ಒಳಗಿನ ಕೋಣೆಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ಮುಚ್ಚಿಹೋಗಿದ್ದ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ. ನೀರು ತುಂಬಿದ ನೆಲಮಾಳಿಗೆಯ ದೃಶ್ಯಕ್ಕೆ ಆ ಶಾಲೆಯ ಈಜುಕೊಳವೇ ಒದಗಿಬಂತು. ಆ ಚಿತ್ರದಲ್ಲಿ ಬಿರುಗಾಳಿಯಿಂದ ಫೋನು ಕೆಟ್ಟಿರುವುದರಿಂದ ತಾಯಿಗೆ ಮನೆಯ ಸಂಪರ್ಕವೇ ಸಿಗುವುದಿಲ್ಲ. ಮಗ ಮಾತ್ರ ಅದೇ ಮನೆಯಿಂದ ಫೋನು ಮಾಡಿ ಪಿಜ್ಜಾ ತರಿಸಿಕೊಳ್ಳುತ್ತಾನೆ. ಇದು ಕಂಟಿನ್ಯುಟಿ ತಪ್ಪಲ್ಲ, ಕಥೆಯ ತೂತು. ಊರೊಳಗಿನ ತಂತಿ ಸರಿಯಿದ್ದು ದೂರದ ತಂತಿ ಮಾತ್ರ ಕೆಟ್ಟಿರಬಹುದು ಎಂದು ಅಭಿಮಾನಿಗಳು ಸಮರ್ಥಿಸುವುದೂ ಉಂಟು.

ಅಡಿಗೆ ಇಷ್ಟು, ನಿಮಿಷಕ್ಕೆ ಇಷ್ಟು

ತಪ್ಪು ಕಣ್ಣಿಗೆ ಬಿದ್ದರೆ ಮತ್ತೆ ತೆಗೆಯಬಾರದೇಕೆ? ಉತ್ತರ ಫಿಲ್ಮಿನ ಅಳತೆಯಲ್ಲಿದೆ. 35 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿದರೆ ಒಂದು ನಿಮಿಷಕ್ಕೆ 90 ಅಡಿ ಮುಗಿಯುತ್ತದೆ. ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಖಾಲಿ. ಬಹುಪಾಲು ಕಚ್ಚಾಫಿಲ್ಮು ಹೊರದೇಶದಿಂದ ಬರಬೇಕಿತ್ತು, ವಿದೇಶಿ ವಿನಿಮಯದ ಬಿಗಿಯಿಂದ ಅದಕ್ಕೆ ಪರವಾನಗಿಯ ಕಟ್ಟುಪಾಡೂ ಇತ್ತು. 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾದದ್ದು ಈ ಪರಾಧೀನತೆ ತಪ್ಪಿಸಲೆಂದೇ. ಇಂಥ ಕಾಲದಲ್ಲಿ ನಟ ಒಂದು ಶಾಟಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಾನೆ, ಆದರೆ ಹೆಗಲ ಮೇಲಿನ ಟವೆಲು ಎಡದಿಂದ ಬಲಕ್ಕೆ ಹೋಗಿದೆ ಎಂದರೆ, ನಿರ್ದೇಶಕ ಟವೆಲಿಗಾಗಿ ನಗುವನ್ನು ಕಳೆದುಕೊಳ್ಳುತ್ತಿರಲಿಲ್ಲ. ಎರಡನೆಯ ಸಲ ಟವೆಲು ಸರಿಹೋದೀತು, ನಗು ಅದೇ ಹದದಲ್ಲಿ ಬರುವ ಖಾತ್ರಿಯಿಲ್ಲ.

ಇವನ್ನೆಲ್ಲ ನೆನಪಿಡುವ ಹೊಣೆ ನಮ್ಮಲ್ಲಿ ಸಹಾಯಕ ನಿರ್ದೇಶಕನದು. ಕೈಯಲ್ಲಿ ಒಂದು ನೋಟುಪುಸ್ತಕ. ಯಾವ ಸೀರೆ, ಯಾವ ಬಳೆ, ಬೈತಲೆ ಯಾವ ಕಡೆ, ಗಡಿಯಾರದ ಮುಳ್ಳು ಎಲ್ಲಿ ಎಂದು ಅದರಲ್ಲಿ ಬರೆದುಕೊಳ್ಳಬೇಕು. ತಿಂಗಳ ಮೇಲೆ ನಟರ ಕಾಲ್‌ಷೀಟು ಮತ್ತೆ ಸಿಕ್ಕಾಗ ಆ ಬರಹವೇ ಆಧಾರ. ಕಪ್ಪುಬಿಳುಪಿನ ಕಾಲದಲ್ಲಿ ಹಸಿರು ಸೀರೆ ನೀಲಿಯಾದರೂ ತೆರೆಯ ಮೇಲೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. 1964ರ 'ಅಮರಶಿಲ್ಪಿ ಜಕಣಾಚಾರಿ' ಕನ್ನಡಕ್ಕೆ ಪೂರ್ಣ ವರ್ಣವನ್ನು ತಂದಿತು. ಮುಂದೆ ಬಣ್ಣದ ಚಿತ್ರಗಳು ಹೆಚ್ಚಿದಂತೆ ಆ ನೋಟುಪುಸ್ತಕವೂ ದಪ್ಪವಾಗಲೇಬೇಕಾಯಿತು.

ಸಂಕಲನಕಾರನಿಗೆ ಮಾತ್ರ ಇವೆಲ್ಲ ಗೊತ್ತಿದ್ದೂ ಬಿಟ್ಟದ್ದು ಇರಬಹುದು. ಅಮೆರಿಕದ ಖ್ಯಾತ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವಾಗ ನೋಡಬೇಕಾದ ಆರು ಸಂಗತಿಗಳಿಗೆ ಅಂಕ ಹಂಚಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23. ಯಾವ ವಸ್ತು, ಯಾವ ಮನುಷ್ಯ ಎಲ್ಲಿದ್ದರೆಂಬ ಸ್ಥಳದ ಹೊಂದಿಕೆಗೆ ಕೊಟ್ಟದ್ದು ಬರಿಯ 4. ಪ್ರೇಕ್ಷಕನೂ ಇದನ್ನು ಒಪ್ಪುತ್ತಾನೆ ಎಂಬುದು ಸ್ವಾರಸ್ಯ. 1997ರಲ್ಲಿ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನೋವಿಜ್ಞಾನಿಗಳು ಇಬ್ಬರು ಹೆಂಗಸರು ಊಟದ ಮೇಜಿನಲ್ಲಿ ಮಾತಾಡುವ ಚಿಕ್ಕ ಚಿತ್ರವೊಂದರಲ್ಲಿ ಬೇಕೆಂದೇ ಒಂಬತ್ತು ತಪ್ಪುಗಳನ್ನು ಸೇರಿಸಿದರು. ಕೆಂಪು ತಟ್ಟೆ ಬಿಳಿಯಾಗುವುದು ಅವುಗಳಲ್ಲೊಂದು. ಮೊದಲ ಸಲ ನೋಡಿದ ಹತ್ತು ಜನರಲ್ಲಿ ಏನೋ ಬದಲಾಯಿತೆಂದು ಹೇಳಿದವರು ಒಬ್ಬರೇ. ಮಾತಿನಲ್ಲಿ ಮನಸ್ಸಿಟ್ಟವರಿಗೆ ತಟ್ಟೆ ಕಾಣುವುದಿಲ್ಲ.

ನೋಡುವ ಕಣ್ಣು ಬದಲಾದದ್ದು

ಮಧುಗಿರಿ, ಶಿರಾ, ಪಾವಗಡದಂಥ ಬಯಲುಸೀಮೆಯ ಊರುಗಳ ಸುತ್ತಿನ ಹಳ್ಳಿಗರಿಗೆ ಸಿನಿಮಾ ಎಂದರೆ ಬಹುಕಾಲ ಟೂರಿಂಗ್ ಟೆಂಟು. ಒಂದು ಚಿತ್ರ ನಾಲ್ಕು ದಿನ ಇದ್ದು ಹೋದರೆ ಮತ್ತೆ ಎಂದು ಬರುವುದೋ! ಆ ಪ್ರಿಂಟು ಹತ್ತಾರು ಊರು ಸುತ್ತಿ, ಹರಿದು, ಅಂಟಿಸಿಕೊಂಡು ಬಂದದ್ದು. ನಾಯಕಿ ಬಾವಿಕಟ್ಟೆಯಿಂದ ಅಡಿಗೆಮನೆಗೆ ಹಾರಿದರೆ ಅದು ನಿರ್ದೇಶಕನ ತಪ್ಪೋ, ಹರಿದ ಫಿಲ್ಮಿನದೋ ತಿಳಿಯುವ ದಾರಿಯಿರಲಿಲ್ಲ. ಮಂದಿ ಕೂಗಾಡುತ್ತಿದ್ದುದು ಆಪರೇಟರನ ಮೇಲೆ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತು. ಹಿಂದೆಯೇ ಬಾಡಿಗೆಯ ವಿಡಿಯೋ ಕ್ಯಾಸೆಟ್ಟು, 1994ರಲ್ಲಿ ಉದಯ ಟಿ.ವಿ. ಬಂದವು. ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡುವ, ಬೇಕಾದಲ್ಲಿ ನಿಲ್ಲಿಸುವ, ಹಿಂದಕ್ಕೆ ಓಡಿಸುವ ಅಧಿಕಾರ ಮೊದಲ ಬಾರಿಗೆ ನೋಡುಗನ ಕೈಗೆ ಬಂತು. ಒಂದೇ ಸಲ ನೋಡಲೆಂದು ಮಾಡಿದ ಚಿತ್ರವನ್ನು ನಾವು ಇಪ್ಪತ್ತು ಸಲ ನೋಡತೊಡಗಿದೆವು. ತಪ್ಪು ಹುಡುಕುವ ಪ್ರೇಕ್ಷಕ ಹುಟ್ಟಿದ್ದು ಹೀಗೆ.

ಆದರೂ ಎಲ್ಲ ಹೊಂದಿಕೆಗೇಡನ್ನೂ ನಾವು ತಪ್ಪು ಎನ್ನುವುದಿಲ್ಲ. ಪಿ.ಬಿ. ಧುತ್ತರಗಿಯವರ ನಾಟಕವನ್ನು ಆಧರಿಸಿದ 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವಾಗ ಕೇಳುವುದು ಸ್ವತಃ ರಾಜ್‌ಕುಮಾರ್ ಅವರ ದನಿ. ಅದೇ ನಾಯಕ ನಾಯಕಿಯೊಡನೆ ಯುಗಳಗೀತೆ ಹಾಡುವಾಗ ಕೇಳುವುದು ಪಿ.ಬಿ. ಶ್ರೀನಿವಾಸ್ ಅವರ ದನಿ. ಒಂದೇ ಚಿತ್ರ, ಒಬ್ಬನೇ ಮನುಷ್ಯ, ಎರಡು ಕಂಠ! ಅಂಗಿಯ ಗುಂಡಿ ಎಣಿಸುವ ನಾವು ಇದನ್ನು ತಪ್ಪೆಂದು ಎಣಿಸಿದ್ದೇ ಇಲ್ಲ, ಎರಡನ್ನೂ ಹಾಡಿಕೊಂಡಿದ್ದೇವೆ. ಹಿನ್ನೆಲೆ ಗಾಯನ ನಮಗೂ ಸಿನಿಮಾಕ್ಕೂ ನಡುವೆ ಆದ ಒಪ್ಪಂದ. ಆ ಒಪ್ಪಂದದ ಹೊರಗೆ ಉಳಿದದ್ದಷ್ಟೇ ನಮ್ಮ ಕಣ್ಣಿಗೆ ತಪ್ಪು.

ಇಂದು ತಿದ್ದುವುದು ಸುಲಭವಾಗಿದೆ. ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸ 'ಸತ್ಯ ಹರಿಶ್ಚಂದ್ರ' (1965), 'ಕಸ್ತೂರಿ ನಿವಾಸ' (1971) ಚಿತ್ರಗಳಿಗೆ ಆಗಿದೆ. ಚೌಕಟ್ಟಿನ ಅಂಚಿನಲ್ಲಿ ನುಸುಳಿದ ತಂತಿಯನ್ನೂ, ಕ್ಯಾಮೆರಾವನ್ನೇ ದಿಟ್ಟಿಸುವ ದಾರಿಹೋಕನನ್ನೂ ಕಂಪ್ಯೂಟರಿನಲ್ಲಿ ಅಳಿಸಿಹಾಕಬಹುದು. ಹಾಗೆ ಅಳಿಸುವ ಮುನ್ನ ಎರಡು ಸಲ ಯೋಚಿಸಬೇಕು. ಆ ದಾರಿಹೋಕ ನಟಿಸುತ್ತಿಲ್ಲ. ಅವನ ಉಟ್ಟ ಪಂಚೆ, ಹಿಡಿದ ಚೀಲ, ಹಿಂದಿನ ಅಂಗಡಿಯ ಬೋರ್ಡು ಯಾವ ಕಲಾನಿರ್ದೇಶಕನೂ ಜೋಡಿಸಿದ್ದಲ್ಲ. ಸುಳ್ಳು ಕಥೆಯೊಳಗೆ ಅಕಸ್ಮಾತ್ತಾಗಿ ಸೇರಿದ ನಿಜ ಅದು. ಅಂದಿನ ಬೀದಿ ಹೇಗಿತ್ತೆಂದು ನಾಳೆ ಕೇಳುವವರಿಗೆ ನಾಯಕನ ಮಾತಿಗಿಂತ ಅವನೇ ಹೆಚ್ಚು ಹೇಳಬಲ್ಲ.

'ಸತಿ ಸುಲೋಚನ'ದ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ. ನಾಟಕದಿಂದ ಬಂದ ಆ ಮೊದಲ ತಂಡ ಕ್ಯಾಮೆರಾದ ಮುಂದೆ ಎಲ್ಲಿ ತಡವರಿಸಿತು, ಯಾವ ಕಿರೀಟ ಯಾವ ಶಾಟಿನಲ್ಲಿ ವಾಲಿತ್ತು, ಕೊಲ್ಹಾಪುರದ ಬಿಸಿಲು ಯಾರ ನೆರಳನ್ನು ಯಾವ ಕಡೆಗೆ ಎಳೆದಿತ್ತು ಎಂದು ನೋಡುವ ಭಾಗ್ಯ ನಮಗಿಲ್ಲ. ಅದರಲ್ಲಿನ ಒಂದು ತಪ್ಪು ಸಿಕ್ಕಿದರೂ ಇಂದು ನಾವು ಅದನ್ನು ಕಣ್ಣಿಗೊತ್ತಿಕೊಂಡೇವು.